ಬಲಗಾಲು ಮಾತ್ರ

"ಔಟ್!"

ಗೋಕಿಲಾ ಕೂಗಿದ ರಭಸಕ್ಕೆ ಎದುರು ಮನೆಯ ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು.

ಕುಂಟೆಬಿಲ್ಲೆಯ ಮನೆಯೊಳಗೆ ಒಂಟಿಕಾಲಲ್ಲಿ ನಿಂತಿದ್ದ ಇಂಚರ ಕೆಳಗೆ ನೋಡಿದಳು. ಸೀಮೆಸುಣ್ಣದ ಗೆರೆ ಅಲ್ಲಿತ್ತು. ಅವಳ ಹೆಬ್ಬೆರಳು ಇಲ್ಲಿತ್ತು. ನಡುವೆ ಒಂದು ಇರುವೆ ಆರಾಮವಾಗಿ ನಡೆದುಹೋಗುವಷ್ಟು ಜಾಗವಿತ್ತು.

"ಎಲ್ಲಿ ಔಟು? ಗೆರೆ ತುಳಿದೇ ಇಲ್ಲವಲ್ಲ!" ಎಂದಳು ತಮಿಳ್‌ಸೆಲ್ವಿ. ಅವಳು ಗೋಕಿಲಾಳ ಜೀವದ ಗೆಳತಿ. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು.

"ಗೆರೆ ತುಳಿದಿಲ್ಲ. ಆದರೆ ಎಡಗಾಲಲ್ಲಿ ಕುಂಟಿದಳು. ನಮ್ಮ ಬೀದಿಯಲ್ಲಿ ಬಲಗಾಲು ಮಾತ್ರ."

"ಯಾವಾಗಿಂದ?" ಎಂದು ಕೇಳಿದ ಎರಡು ಮನೆಯಾಚೆ ಇರುವ ಮೋಹನ್‌ರಾಜ್.

"ಇವತ್ತಿಂದ," ಎಂದಳು ಗೋಕಿಲಾ.

ಒಂದು ಮಾತು ಹೇಳಿಬಿಡುತ್ತೇನೆ. ತಮಿಳು ಸೀಮೆಯ ಈ ನೇಕಾರರ ಬೀದಿಯ ಮಕ್ಕಳು ಆಟದಲ್ಲಿ ಆಡುವುದೆಲ್ಲ ತಮಿಳು. ನಿಮಗೆ ತೊಂದರೆಯಾಗಬಾರದೆಂದು ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ಯಾರಾದರೂ ನಿಜವಾಗಿಯೂ ಕನ್ನಡದಲ್ಲೇ ಮಾತಾಡಿದರೆ ಆಗ ತಿಳಿಸುತ್ತೇನೆ. ಏಕೆಂದರೆ ಈ ಕತೆಯ ಗಲಾಟೆಯೆಲ್ಲ ಅದರದ್ದೇ.

ಗೋಕಿಲಾ ಕೆಟ್ಟವಳೇನಲ್ಲ. ಕಡ್ಡಿಗೆ ಅಂಟಿದ ತನ್ನ ಕುಚ್ಚಿ ಐಸಿನ ಕೊನೆಯ ಚೂರನ್ನು ತಮ್ಮ ಸತೀಶನಿಗೆ ಕೊಡುತ್ತಾಳೆ. ಕೊನೆಯ ಚೂರೇ ಆದರೂ ಕೊಡುತ್ತಾಳಲ್ಲ! ಆದರೆ ಕುಂಟೆಬಿಲ್ಲೆಯ ವಿಷಯ ಬಂದರೆ ಅವಳು ಬೇರೆಯೇ ಹುಡುಗಿ. ಸೀಮೆಸುಣ್ಣ ಅವಳದು, ಗೆರೆ ಎಳೆಯುವವಳು ಅವಳು, ಜಗಳ ಬಂದರೆ ತೀರ್ಪು ಹೇಳುವವಳೂ ಅವಳೇ. ಐದನೇ ಕ್ಲಾಸಿಗೆ ಹೋಗಲಿರುವ ಹುಡುಗಿಗೆ ಇಷ್ಟಾದರೂ ಅಧಿಕಾರ ಬೇಡವೇ?

ಬಲಗಾಲಿನ ರೂಲ್ಸ್ ಹುಟ್ಟಿದ್ದು ಮಾತ್ರ ಅಧಿಕಾರದಿಂದಲ್ಲ. ಅದು ಬೇರೆ ಕತೆ.

ಗೋಕಿಲಾಳ ಮನೆಯ ನಡುಕೋಣೆಯಲ್ಲಿ ಮಗ್ಗವಿದೆ. ಅಪ್ಪ ಬೆಳಿಗ್ಗೆಯಿಂದ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಾರೆ. ಪಾಪಾತಿ ಅಜ್ಜಿ ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ. ಅಮ್ಮ ಬನಿಯನ್ ಕಂಪನಿಯ ವ್ಯಾನಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಮನೆಯೊಳಗಿನ ಮಾತೆಲ್ಲ ಕನ್ನಡ. ಎಷ್ಟೋ ತಲೆಮಾರಿನಿಂದ ಹಾಗೇ ಬಂದಿದೆ. ಓದಲು ಬರೆಯಲು ಯಾರಿಗೂ ಬರುವುದಿಲ್ಲ. ಆದರೆ ಬೈಯುವುದು, ಮುದ್ದು ಮಾಡುವುದು, ದೇವರ ಹತ್ತಿರ ಬೇಡಿಕೊಳ್ಳುವುದು ಎಲ್ಲವೂ ಕನ್ನಡದಲ್ಲೇ. ಸತೀಶ ಮರೆತು ಮನೆಯೊಳಗೆ ತಮಿಳಾಡಿದರೆ ಅಜ್ಜಿ ಕೈಯಲ್ಲಿದ್ದ ಕಂಡಿಕೆಯಿಂದಲೇ ತಲೆಗೆ ಒಂದು ಮೊಟಕುತ್ತಾಳೆ.

"ಹೊಸ್ಲು ದಾಟಿದ್ಮೇಲೆ ನಿನ್ನ ಇಷ್ಟ ಕಣ್ಣು. ಒಳಗ ನಮ್ಮ ಮಾತೇ ತಾನ್!" ಇದು ಅಜ್ಜಿಯ ಕನ್ನಡ; 'ಕಣ್ಣು' ಅಂದರೆ 'ಚಿನ್ನಾ' ಎಂದ ಹಾಗೆ. ಮಗ್ಗದ ಸದ್ದನ್ನು ಮೀರಿ ಮೂರು ಮನೆಯಾಚೆಗೆ ಕೇಳಿಸುವ ಗಂಟಲು ಅಜ್ಜಿಯದು.

ಬೇಸಿಗೆ ರಜೆ ಶುರುವಾದಾಗ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಇಂಚರಳ ಮನೆಯವರು. ಮೈಸೂರು ಕಡೆಯವರು. ಅವಳ ಅಪ್ಪನಿಗೆ ವೆಳ್ಳಕೋಯಿಲಿನ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ರಾತ್ರಿಯೇ ಕಾಣುವುದು. ಆ ಮನೆಯವರಿಗೆ ಒಂದಕ್ಷರ ತಮಿಳು ಬರುತ್ತಿರಲಿಲ್ಲ. "ಪಕ್ಕದ ಮನೆಯವರು ಕನ್ನಡದವರೇ" ಎಂದು ಓನರ್ ಹೇಳಿದ ಒಂದೇ ಮಾತಿಗೆ ಆ ಮನೆ ಹಿಡಿದಿದ್ದರು.

ಸಾಮಾನು ಇಳಿಸಿದ ಸಂಜೆಯೇ ಇಂಚರಳ ಅಮ್ಮ ಮಗಳ ಕೈ ಹಿಡಿದುಕೊಂಡು ಬಂದರು. ಮುಖದ ತುಂಬಾ ನಗು.

"ನಮಸ್ಕಾರ ಅಜ್ಜಿ! ನೀವೂ ಕನ್ನಡದವ್ರಂತೆ? ಎಷ್ಟು ಖುಷಿ ಆಯ್ತು ಗೊತ್ತಾ!"

ಅಜ್ಜಿ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಆಮೇಲೆ, "ವಾಂಗ, ಉಕ್ಕಾರುಂಗ," ಎಂದಳು. ಬನ್ನಿ, ಕೂತುಕೊಳ್ಳಿ ಎಂದು ತಮಿಳಿನಲ್ಲಿ! ನೀರು ಯಾವಾಗ ಬರುತ್ತದೆ, ಕಸದ ಗಾಡಿ ಯಾವಾಗ ಬರುತ್ತದೆ ಎಂಬುದನ್ನೂ ತಮಿಳಿನಲ್ಲೇ ಹೇಳಿ ಮುಗಿಸಿದಳು. ಇಂಚರಳ ಅಮ್ಮನ ನಗು ಸಣ್ಣದಾಗುತ್ತಾ ಸಣ್ಣದಾಗುತ್ತಾ ಹೋಗಿ, ತುಟಿಯ ಒಂದು ತುದಿಯಲ್ಲಿ ಮಾತ್ರ ಉಳಿಯಿತು.

ಇಂಚರ ಗೋಕಿಲಾಳ ಕಡೆ ತಿರುಗಿ ಕೇಳಿದಳು, "ನಿಂಗೆ ಕನ್ನಡ ಬರುತ್ತಾ?"

"ತೆರಿಯಾದು," ಎಂದುಬಿಟ್ಟಳು ಗೋಕಿಲಾ. ಗೊತ್ತಿಲ್ಲ ಎಂದರ್ಥ.

ಕೇಳಿದ್ದು ಅರ್ಥವಾಗದೆ ಗೊತ್ತಿಲ್ಲ ಎಂದು ಹೇಗೆ ಹೇಳಿದಳು ಎಂದು ನೀವು ಕೇಳಬಹುದು. ಸುಳ್ಳು ಹೇಳುವ ಅವಸರದಲ್ಲಿ ಅಷ್ಟೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿರುತ್ತದೆ?

ಹೋದ ವರ್ಷ ಮೈಸೂರಿನ ಹತ್ತಿರ ನೆಂಟರ ಮದುವೆಗೆ ಹೋಗಿದ್ದರು. ಅಲ್ಲಿ ಗೋಕಿಲಾ ಯಾರೋ ಒಬ್ಬರು ಆಂಟಿಯ ಹತ್ತಿರ ಕುಡಿಯಲು ನೀರು ಕೇಳಿದಳು. ತನ್ನ ಮನೆಯ ಕನ್ನಡದಲ್ಲೇ ಕೇಳಿದಳು. ಆಂಟಿ ಅವಳ ಕೆನ್ನೆ ಹಿಂಡಿದರು. "ಇಲ್ಲಿ ಬನ್ರೇ, ಈ ಮಗು ಮಾತು ಕೇಳ್ರೇ! ಇನ್ನೊಂದ್ಸಲ ಹೇಳು ಪುಟ್ಟಾ!"

ಗೋಕಿಲಾ ಇನ್ನೊಂದು ಸಲ ಹೇಳಿದಳು. ಎಲ್ಲರೂ ನಕ್ಕರು. ಮತ್ತೊಂದು ಸಲ ಹೇಳಿಸಿದರು. ಆಗ ಯಾರೋ ವಿಡಿಯೋ ತೆಗೆಯಲು ಫೋನ್ ಹಿಡಿದರು. ಯಾರೂ ಬೈಯಲಿಲ್ಲ, ಎಷ್ಟು ಮುದ್ದು ಎಂದೇ ಹೇಳಿದರು. ಆದರೆ ನೀರು ಕೈಗೆ ಬರುವ ಹೊತ್ತಿಗೆ ಗೋಕಿಲಾಳ ಗಂಟಲು ಕಟ್ಟಿ ಒಂದು ಗುಟುಕೂ ಇಳಿಯಲಿಲ್ಲ. ತನ್ನ ಬಾಯಲ್ಲಿರುವುದು ನಗುವುದಕ್ಕೆ ಮಾಡಿದ ಕನ್ನಡ ಎಂದು ಅವತ್ತು ಅವಳಿಗೆ ಅನ್ನಿಸಿಬಿಟ್ಟಿತು. ಅಜ್ಜಿಯ ಹತ್ತಿರ ಹೇಳಿಕೊಂಡು ಅಳೋಣವೆಂದರೆ ಅಜ್ಜಿಗೆ ಹಲ್ಲುನೋವು. ಮದುವೆ ಮುಗಿಯುವ ತನಕ ಎಡಗೆನ್ನೆ ಒತ್ತಿ ಹಿಡಿದುಕೊಂಡು, ಬಾಯಿ ತೆರೆಯದೆ ಮೂಲೆಯಲ್ಲಿ ಕೂತಿದ್ದಳು.

ಈಗ ಆ ಆಂಟಿಯ ಹಾಗೆಯೇ ಮಾತಾಡುವ ಹುಡುಗಿ ಪಕ್ಕದ ಮನೆಗೇ ಬಂದಿದ್ದಾಳೆ. ಜೂನ್‌ನಲ್ಲಿ ಗೋಕಿಲಾಳ ಕ್ಲಾಸಿಗೇ ಸೇರುತ್ತಾಳಂತೆ. ಅವಳು ಒಂದು ಸಲ "ಇನ್ನೊಂದ್ಸಲ ಹೇಳು" ಎಂದರೆ ಸಾಕು, ಇಡೀ ಕ್ಲಾಸು ನಗುತ್ತದೆ. ತಮಿಳ್‌ಸೆಲ್ವಿಯೂ ನಗುತ್ತಾಳೆ. ಆಮೇಲೆ ಬೆಂಚಿನಲ್ಲಿ ಪಕ್ಕಕ್ಕೆ ಯಾರು ಕೂರುತ್ತಾರೆ?

ಆದ್ದರಿಂದ ಇಂಚರ ಆಟಕ್ಕೆ ಬರಬಾರದು. ಬಂದರೂ ನಿಲ್ಲಬಾರದು. ಅದಕ್ಕೆ ಬಲಗಾಲಿನ ರೂಲ್ಸ್.

ಮಾತು ತಿಳಿಯದಿದ್ದರೂ ಸನ್ನೆ ತಿಳಿಯಿತು; ಇಂಚರ ಜಗಳವಾಡಲಿಲ್ಲ. ಮನೆಯ ಟೆರೇಸಿನ ಮೇಲೆ ಎರಡು ದಿನ ಧಡ ಧಡ ಸದ್ದು ಕೇಳಿಸಿತು. ಮೂರನೇ ದಿನ ಬಂದು ಬಲಗಾಲಲ್ಲಿ ಕುಂಟಿ ಎಲ್ಲಾ ಮನೆ ದಾಟಿದಳು. ತಮಿಳ್‌ಸೆಲ್ವಿ ಚಪ್ಪಾಳೆ ತಟ್ಟಿದಳು. ಗೋಕಿಲಾ ತಕ್ಷಣ ಕೈ ಎತ್ತಿದಳು.

"ಚಪ್ಪಲಿ ಹಾಕ್ಕೊಂಡು ಕುಂಟಿದಳು. ಔಟ್. ಇನ್ನುಮೇಲೆ ಬರಿಗಾಲು."

ಇಂಚರ ಚಪ್ಪಲಿಗಳನ್ನು ಗೋಡೆಯ ಬದಿಗೆ ಜೋಡಿಸಿಟ್ಟಳು. ಸಿಕ್ಕಿಬಿದ್ದವನು ಮೋಹನ್‌ರಾಜ್. ಮೇ ತಿಂಗಳ ಕಾಂಕ್ರೀಟ್ ರೋಡು ಸಂಜೆಯಾದರೂ ಕಾದ ದೋಸೆಹಂಚಿನಂತೆ ಇತ್ತು. ಅವನು ಮೂರನೇ ಮನೆಯಲ್ಲಿ "ಸುಡುತ್ತೆ ಸುಡುತ್ತೆ" ಎಂದು ಎರಡೂ ಕಾಲಲ್ಲಿ ಕುಣಿದುಬಿಟ್ಟ.

"ಔಟ್," ಎಂದಳು ಗೋಕಿಲಾ.

"ಹೋಗಮ್ಮಾ, ನೀನೂ ನಿನ್ನ ರೂಲ್ಸೂ," ಎಂದು ಚಪ್ಪಲಿ ಮೆಟ್ಟಿಕೊಂಡು ಅವನು ಹೋಗಿಯೇಬಿಟ್ಟ.

ಇಂಚರ ಬಿಲ್ಲೆ ಎಸೆಯುವ ಮುಂಚೆ ಅದಕ್ಕೆ "ಉಫ್" ಎಂದು ಊದುತ್ತಿದ್ದಳು. ಹೀಗೆ ಯಾರಾದರೂ ಊದುತ್ತಾರೆಯೇ? ಗೋಕಿಲಾಳಿಗೆ ಅದನ್ನು ನೋಡಿದರೇ ಆಗುತ್ತಿರಲಿಲ್ಲ. ಮರುದಿನ ಹೊಸ ರೂಲ್ಸ್ ಬಂತು: ಬಿಲ್ಲೆಗೆ ಏನೂ ಮಾಡಬಾರದು, ಸುಮ್ಮನೆ ಎಸೆಯಬೇಕು. ಇಂಚರ ಊದುವುದನ್ನು ಬಿಟ್ಟಳು. ಆದರೆ ತಮಿಳ್‌ಸೆಲ್ವಿ ಚಿಕ್ಕಂದಿನಿಂದ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡೇ ಎಸೆಯುವವಳು. ಅಭ್ಯಾಸ ಬಲದಿಂದ ಒತ್ತಿಕೊಂಡಳು.

ಗೋಕಿಲಾ ಬೇರೆ ಕಡೆ ನೋಡಿಕೊಂಡು ಮೆಲ್ಲಗೆ, "ಔಟು," ಎಂದಳು.

"ನನಗಾ?" ಎಂದಳು ತಮಿಳ್‌ಸೆಲ್ವಿ.

"ರೂಲ್ಸ್ ಅಂದರೆ ಎಲ್ಲರಿಗೂ ರೂಲ್ಸ್."

ತಮಿಳ್‌ಸೆಲ್ವಿ ಬಿಲ್ಲೆಯನ್ನು ನೆಲದ ಮೇಲಿಟ್ಟು ಮನೆಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಗೋಕಿಲಾಳಿಗೆ ಅನ್ನಿಸಿತು.

ಇತ್ತ ಮನೆಯೊಳಗೂ ಒಂದು ವಿಚಿತ್ರ ನಡೆದಿತ್ತು. ಮೂರು ಮನೆಯಾಚೆಗೆ ಕೇಳಿಸುತ್ತಿದ್ದ ಅಜ್ಜಿ ಪಿಸುಗುಟ್ಟತೊಡಗಿದ್ದಳು.

"ಸಣ್ಣಗ ಮಾತಾಡ್ರಿ, ಗೋಡೆ ಪಕ್ಕ ಆಳ್ ಇದಾರೆ," ಎಂದು ಎಲ್ಲರಿಗೂ ಸನ್ನೆ ಮಾಡುತ್ತಿದ್ದಳು.

ಅಪ್ಪ ಮಗ್ಗ ನಿಲ್ಲಿಸಿ ಕೇಳಿದರು, "ಏನವ್ವಾ, ಮನೇಲಿ ಯಾರ್ಗಾದ್ರೂ ಮೈ ಸರಿ ಇಲ್ವಾ? ಆಸ್ಪತ್ರೆ ಮಾದರಿ ಇದೆ."

"ನೀನು ನೇಯಪ್ಪಾ ಸುಮ್ನೆ," ಎಂದು ಅಜ್ಜಿ ಪಿಸುಗುಟ್ಟಿದಳು.

ಗೋಕಿಲಾಳಿಗೆ ಇದೇ ಅನುಕೂಲ. ಉಳಿದದ್ದು ಆರು ವರ್ಷದ ಸತೀಶನ ಬಾಯಿ ಒಂದೇ. ಬೀದಿಯಲ್ಲಿ ಕನ್ನಡ ಮಾತಾಡಬಾರದೆಂದು ಅವನಿಗೆ ದಿನಕ್ಕೊಂದು ಮಾವಿನಹಣ್ಣಿನ ಮಿಠಾಯಿ ಲಂಚ ಕೊಡುತ್ತಿದ್ದಳು. ಆದರೆ ಮಿಠಾಯಿ ಕರಗಿದ ಮೇಲೆ ಅವನ ಬಾಯಿ ಅವನ ಮಾತನ್ನೂ ಕೇಳುವುದಿಲ್ಲ. ಕೊನೆಗೆ ಗೋಕಿಲಾ ನಾಲ್ಕನೇ ರೂಲ್ಸ್ ಮಾಡಿದಳು: ಗೆರೆಯೊಳಗೆ ತಮಿಳು ಬಿಟ್ಟು ಬೇರೆ ಮಾತಾಡಿದರೆ ಔಟ್.

ಇಂಚರ ತುಟಿ ಬಿಗಿದುಕೊಂಡು ಆಡಿದಳು. ಸತೀಶ ಎರಡನೇ ಮನೆಯಲ್ಲಿ ಕಾಲು ತಿರುಚಿ, "ಅಯ್ಯೋ!" ಎಂದ.

"ಔಟ್!"

"ಅಯ್ಯೋ ಅನ್ನೋದು ತಮಿಳಲ್ಲೂ ಇದೆ," ಎಂದ, ಆ ದಾರಿಯಲ್ಲಿ ಹೋಗುತ್ತಿದ್ದ ಮೋಹನ್‌ರಾಜ್.

"ಇವನು ಕನ್ನಡದಲ್ಲಿ ಅಯ್ಯೋ ಅಂದ," ಎಂದಳು ಗೋಕಿಲಾ.

ಸತೀಶ ನೆಲದ ಮೇಲೆ ಕೂತು ಅಳುತ್ತಾ ಬೈಯತೊಡಗಿದ. ಯಾವ ಭಾಷೆಯಲ್ಲಿ ಎಂದು ನಾನು ಹೇಳಬೇಕಾಗಿಲ್ಲ.

ಮರುದಿನ ಸಂಜೆ ಗೋಕಿಲಾ ಹೊಸ ಸೀಮೆಸುಣ್ಣದಲ್ಲಿ ನೀಟಾಗಿ ಗೆರೆ ಎಳೆದು ಕಾದಳು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯ ಟೆರೇಸಿನಿಂದ ಕೇಕೆ ಕೇಳಿಸಿತು. ತಮಿಳ್‌ಸೆಲ್ವಿಯ ನಗು. ಮೋಹನ್‌ರಾಜನ ಚಪ್ಪಲಿಯ ಪಟ ಪಟ. ಎಲ್ಲಕ್ಕಿಂತ ಜೋರಾಗಿ ಸತೀಶನ ದನಿ. "ನಂಗೆ ಬುಡು, ನಂಗೆ ಬುಡು! ಈಗ ನನ್ನ ಚಾನ್ಸ್ ತಾನೇ!" ಕನ್ನಡದಲ್ಲಿ, ಊರಿಗೆಲ್ಲ ಕೇಳಿಸುವ ಹಾಗೆ!

ಗೋಕಿಲಾ ಗೆರೆಯ ಬಳಿಯಿಂದ ಎದ್ದಳು. ಇನ್ನೇನು ಇಂಚರ ನಗುತ್ತಾಳೆ, ಇನ್ನೊಂದ್ಸಲ ಹೇಳು ಎನ್ನುತ್ತಾಳೆ ಎಂದು ಕಿವಿಗೊಟ್ಟು ನಿಂತಳು. ಮೇಲೆ ಮತ್ತೆ ಧಡ ಧಡ ಕುಂಟುವ ಸದ್ದು ಬಂತು, ಅಷ್ಟೇ.

ಅವಳು ಒಬ್ಬಳೇ ಆಡಿದಳು. ಬಲಗಾಲು, ಬರಿಗಾಲು, ಊದಲಿಲ್ಲ, ಒತ್ತಿಕೊಳ್ಳಲಿಲ್ಲ, ಮಾತಾಡಲಿಲ್ಲ. ಎಲ್ಲಾ ಮನೆಗಳನ್ನೂ ಗೆದ್ದಳು. ನೋಡಲು ಇದ್ದದ್ದು ಎದುರು ಮನೆಯ ನಾಯಿ ಒಂದೇ. ಅದೂ ಮಲಗಿತ್ತು.

ಗೋಕಿಲಾ ತಮ್ಮ ಮನೆಯ ಜಗಲಿಯ ಮೇಲೆ ಹೋಗಿ ಕೂತಳು. ಅಪ್ಪ ಟೀ ಕುಡಿಯಲು ಹೋಗಿದ್ದರು. ಮಗ್ಗ ಸುಮ್ಮನಿತ್ತು. ಒಳಗೆ ಅಜ್ಜಿಯ ರಾಟೆ ಮಾತ್ರ ಗಿರ್ ಎನ್ನುತ್ತಿತ್ತು.

ಆಗ ಇಂಚರಳ ಅಮ್ಮ ಬಂದರು. ಕೈಯಲ್ಲಿ ಒಂದು ಪುಟ್ಟ ಲೋಟ. ಹೊಸ್ತಿಲ ಹತ್ತಿರ ನಿಂತು, ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ತಮಿಳಿನಲ್ಲಿ ಹೇಳಿದರು: "ಅಮ್ಮಾ, ಎನಕ್ಕು ಕೊಂಜಂ ವೇಣುಂ."

ನನಗೆ ಸ್ವಲ್ಪ ಬೇಕು. ಅಷ್ಟೇ. ಏನು ಬೇಕು ಎಂಬುದು ಅವರ ತಮಿಳಿನಲ್ಲಿ ಇರಲಿಲ್ಲ.

"ಏನು ಬೇಕು?" ಎಂದು ಅಜ್ಜಿ ತಮಿಳಿನಲ್ಲಿ ಕೇಳಿದಳು.

ಅವರು ಲೋಟ ತೋರಿಸಿದರು. ಅದಕ್ಕೆ ಏನೋ ಸುರಿದ ಹಾಗೆ ಮಾಡಿದರು. ಮೇಲೆ ಅಂಗೈ ಮುಚ್ಚಿದರು. ಎರಡೂ ಕೈ ಜೋಡಿಸಿ ಕೆನ್ನೆಯಡಿ ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡಿದರು. ಥಟ್ಟನೆ ಎದ್ದು ಲೋಟವನ್ನು ಬೋರಲು ಹಾಕಿ, "ಬೀಳಲ್ಲ!" ಎಂಬಂತೆ ಕೈಯಾಡಿಸಿದರು.

"ಹಾಲಾ?" ಎಂದಳು ಅಜ್ಜಿ. ಅಲ್ಲ. "ಎಣ್ಣೆಯಾ?" ಅಲ್ಲ. "ಮಗುವಿಗೆ ನಿದ್ದೆ ಬರುತ್ತಿಲ್ಲವಾ?"

ಇಂಚರಳ ಅಮ್ಮ ಸೋತುಹೋದರು. ತಮ್ಮಷ್ಟಕ್ಕೆ ತಾವೇ, "ಅಯ್ಯೋ ದೇವ್ರೇ, ಹೆಪ್ಪಿಗೆ ಇವ್ರು ಏನಂತಾರೋ," ಎಂದು ಗೊಣಗಿದರು.

ರಾಟೆ ನಿಂತಿತು.

ಹೆಪ್ಪು! ಅದು ಗೋಕಿಲಾಳಿಗೂ ಕೇಳಿಸಿತು, ಅಜ್ಜಿಗೂ ಕೇಳಿಸಿತು. ಅಜ್ಜಿ ಬಾಯಿ ತೆರೆದಳು. ಅಲ್ಲೇ ಹಿಂದೆ ಅಡುಗೆಮನೆಯಲ್ಲಿ ಮೊಸರಿನ ಪಾತ್ರೆ ತುಂಬಿ ಕೂತಿತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಗೋಕಿಲಾ ನೋಡಿದಳು. ಅಜ್ಜಿ ಬಾಯಿ ಮುಚ್ಚಿಕೊಂಡಳು. ಅವಳ ಕೈ ಮೆಲ್ಲಗೆ ಮೇಲೆ ಹೋಗಿ ಎಡಗೆನ್ನೆಯನ್ನು ಒತ್ತಿ ಹಿಡಿಯಿತು.

ಮದುವೆಯ ಮನೆಯಲ್ಲಿ ಹಿಡಿದುಕೊಂಡಿದ್ದ ಹಾಗೆಯೇ.

ಹಲ್ಲುನೋವಾ? ಗೋಕಿಲಾ ಯೋಚಿಸಿದಳು. ಅಜ್ಜಿ ಚಕ್ಕುಲಿಯನ್ನು ಯಾವಾಗಲೂ ಬಲಗಡೆಯಲ್ಲಿ ಅಗಿಯುತ್ತಾಳೆ. ಏಕೆಂದರೆ ಎಡಗಡೆ ಹಲ್ಲೇ ಇಲ್ಲ. ಗೋಕಿಲಾ ಹುಟ್ಟುವ ಮುಂಚೆಯೇ ಬಿದ್ದುಹೋಗಿವೆ. ಇಲ್ಲದ ಹಲ್ಲು ನೋಯುವುದು ಹೇಗೆ?

ಅಜ್ಜಿಯ ಕಣ್ಣು ಹೊಸ್ತಿಲನ್ನೂ ನೋಡಲಿಲ್ಲ, ಗೋಕಿಲಾಳನ್ನೂ ನೋಡಲಿಲ್ಲ. ಮೂರು ಮನೆಯಾಚೆಗೆ ಕೇಳಿಸುವ ಅಜ್ಜಿ, ಕಂಡಿಕೆಯಿಂದ ಮೊಟಕುವ ಅಜ್ಜಿ, ಎಷ್ಟು ಚಿಕ್ಕವಳಾಗಿ ಕಂಡಳೆಂದರೆ ಗೋಕಿಲಾಳಿಗೆ ಪಾಪ ಅನ್ನಿಸಿತು.

"ಪರವಾಗಿಲ್ಲ ಬಿಡಿ," ಎಂದು ಇಂಚರಳ ಅಮ್ಮ ಖಾಲಿ ಲೋಟ ಹಿಡಿದು ಹಿಂದೆ ತಿರುಗಿದರು.

"ಹೆಪ್ಪು ತಾನೇ ಆಂಟಿ? ಕೊಂಜ ಇರ್ರಿ, ನಾ ತತ್ತೀನಿ!"

ಯಾರು ಹೇಳಿದ್ದು ಎಂದು ಗೋಕಿಲಾ ಒಂದು ಕ್ಷಣ ಸುತ್ತ ನೋಡಿದಳು. ತಾನೇ! ಕನ್ನಡದಲ್ಲಿ! ಈಗ ನಗುತ್ತಾರೆ ಎಂದು ಕಣ್ಣು ಮುಚ್ಚಿಕೊಂಡಳು.

ಇಂಚರಳ ಅಮ್ಮ ನಗಲಿಲ್ಲ. ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತರು. "ನಿಂಗೆ ಕನ್ನಡ ಬರುತ್ತಾ ಪುಟ್ಟಾ? ಅಯ್ಯೋ, ಈ ಊರಿಗೆ ಬಂದ ಮೇಲೆ ಮನೆಯವರನ್ನ ಬಿಟ್ಟು ಯಾರ ಹತ್ರನೂ ಮಾತಾಡಿಲ್ಲ ನಾನು!" ಎಂದವರು, ಇಷ್ಟು ದಿನ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಟ್ಟಿಗೆ ಸುರಿಯತೊಡಗಿದರು. ಬಿಸಿಲು, ಸೊಳ್ಳೆ, ಬಸ್ಸು, ನೀರಿನ ರುಚಿ. ಕೊನೆಗೆ ಮೊಸರು. "ನಾನೂ ಸ್ವಲ್ಪ ಹೆಪ್ಪು ತಂದಿದ್ದೆ ಕಣಮ್ಮ. ಸಾಯಂಕಾಲ ಹಾಕಿದ್ರೆ ಬೆಳಿಗ್ಗೆಗೆ ಬಾಯಿಗಿಡಕ್ಕಾಗದಷ್ಟು ಹುಳಿ. ನಮ್ಮೂರಲ್ಲಿ ಹೀಗೆ ಆಗ್ತಾನೇ ಇರ್ಲಿಲ್ಲ. ಎಲ್ಲಾ ಚೆಲ್ಲಿದೆ."

ಅಜ್ಜಿ ರಾಟೆಯ ಹಿಂದೆ ಚಡಪಡಿಸಿದಳು. ಒಬ್ಬರು ಕಣ್ಣೆದುರಿಗೇ ಮೊಸರು ಹಾಳು ಮಾಡುತ್ತಿರುವಾಗ ಸುಮ್ಮನಿರುವುದು ಪಾಪಾತಿ ಅಜ್ಜಿಯಿಂದ ಆಗುವ ಕೆಲಸವೇ?

"ಸಾಯಂಕಾಲ್ವೇ ಹಾಕುದ್ರೆ ಹುಳಿಯಾಗ್ದೆ ಇನ್ನೇನಾತ್ತದೆ?" ಎಂದು ಕೆನ್ನೆಯಿಂದ ಕೈ ತೆಗೆದು ಗುಡುಗಿದಳು. "ಈ ಬಿಸ್ಲುಗ ಮಲ್ಗೋ ಹೊತ್ಗೆ ಹಾಕ್ಬೇಕಮ್ಮಣಿ! ಹಾಲು ನಲ್ಲಾ, ಚೆನ್ನಾಗಿ ಆರಿರಬೇಕು. ಒಂದು ಸೊಟ್ಟು ಬುಟ್ರೆ ಸಾಕು!"

ಇಂಚರಳ ಅಮ್ಮ ಕಣ್ಣರಳಿಸಿ ಅಜ್ಜಿಯನ್ನು ನೋಡಿದರು.

"ಇನ್ನೊಂದ್ಸಲ ಹೇಳಿ ಅಜ್ಜಿ!"

ಗೋಕಿಲಾ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಕೈ ಮತ್ತೆ ಕೆನ್ನೆಯ ಕಡೆ ಹೊರಟಿತು.

"ಎಷ್ಟು ಹಾಕ್ಬೇಕು ಅಂದ್ರಿ? ಬರೀ ಒಂದು ತೊಟ್ಟಾ? ನಾನು ದೊಡ್ಡ ಚಮಚ ತುಂಬಾ ಹಾಕ್ತಿದ್ದೆ!"

ಕೈ ಅರ್ಧ ದಾರಿಯಲ್ಲಿ ನಿಂತು, ಯೋಚಿಸಿ, ಕೆಳಗಿಳಿಯಿತು. "ಚಮಚ ತುಂಬ್ವಾ! ಕೇಳ್ದಾ ಗೋಕಿಲಾ? ಚಮಚ ತುಂಬಂತೆ!" ಅಜ್ಜಿಯ ದನಿ ಎರಡನೇ ಮನೆಯವರೆಗೆ ಹೋಗಿ, ಮೂರನೇ ಮನೆಯ ಕಡೆ ಹೊರಟಿತು.

"ಕನ್ನಡ ಬರುತ್ತೆ ಅಂತ ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹಲ್ನೋವಿತ್ತು," ಎಂದಳು ಅಜ್ಜಿ.

"ನಂಗಂತೂ ನಿಮ್ಮನ್ನ ಕಂಡ್ರೆ ಭಯ ಆಗೋದು. ಬಾಗಿಲ ತನಕ ಬಂದು ಎಷ್ಟು ಸಲ ವಾಪಸ್ ಹೋಗಿದೀನಿ ಗೊತ್ತಾ?"

ಗೋಕಿಲಾ ಇವರನ್ನು ನೋಡಿದಳು, ಅವರನ್ನು ನೋಡಿದಳು. ಒಳಗೆ ಹೋಗಿ, ಹೆಪ್ಪನ್ನು ಚೆಲ್ಲದಂತೆ ಲೋಟಕ್ಕೆ ಹಾಕಿ ತಂದುಕೊಟ್ಟಳು. ಆಮೇಲೆ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.

ಟೆರೇಸಿನ ಮೇಲಿದ್ದ ಕುಂಟೆಬಿಲ್ಲೆಯ ಮನೆ ಚೌಕವಾಗಿರಲಿಲ್ಲ. ಬಸವನಹುಳುವಿನ ಹಾಗೆ ಸುತ್ತಿಕೊಂಡು ಹೋಗಿತ್ತು. ಒಳಗೆ ಇಂಚರ ಎಡಗಾಲಲ್ಲಿ ಹಗುರವಾಗಿ ಕುಂಟುತ್ತಿದ್ದಳು. ಅವಳು ಎಷ್ಟು ಚೆನ್ನಾಗಿ ಕುಂಟುತ್ತಾಳೆ ಎಂದು ಗೋಕಿಲಾ ನೋಡಿದ್ದು ಅದೇ ಮೊದಲು.

ಸತೀಶ ಅಕ್ಕನನ್ನು ನೋಡಿದ. "ಅಕ್ಕ ಬಂದ್ಲು! ಎಲ್ಲಾರೂ ಔಟ್!"

ಮೋಹನ್‌ರಾಜ್ ಗಡಬಡಿಸಿ ಚಪ್ಪಲಿ ಬಿಚ್ಚಿದ. ತಮಿಳ್‌ಸೆಲ್ವಿ ಕಣ್ಣಿನ ಹತ್ತಿರ ಹೋಗಿದ್ದ ಬಿಲ್ಲೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಸುರುಳಿಯ ನಡುವೆ ಇದ್ದ ಇಂಚರ ಎಡಗಾಲನ್ನು ಮೇಲೆತ್ತಿ, ಸದ್ದಿಲ್ಲದೆ ಬಲಗಾಲನ್ನು ಊರಿದಳು.

ಗೋಕಿಲಾಳ ಗಂಟಲು ಕಟ್ಟಿತು. ಅವತ್ತು ಮದುವೆಯ ಮನೆಯಲ್ಲಿ ಕಟ್ಟಿತ್ತಲ್ಲ, ಹಾಗೆಯೇ. ಆದರೆ ಇಲ್ಲಿ ಆ ಆಂಟಿ ಇರಲಿಲ್ಲ. ಆ ಜಾಗದಲ್ಲಿ ನಿಂತಿದ್ದವಳು ತಾನೇ.

"ಇಂಚರಾ," ಎಂದಳು ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ. "ನಂಗ ಕನ್ನಡ ಗೊತ್ತು."

"ಗೊತ್ತು," ಎಂದಳು ಇಂಚರ.

"ಸತೀಶ ಹೇಳ್ದನಾ?"

"ಇಲ್ಲ. ಬಂದ ಮಾರನೇ ದಿನಾನೇ ಗೊತ್ತಾಯ್ತು. ನಾನು ಓದೋ ಮೂಲೆ ನಿಮ್ಮ ಬಚ್ಚಲಿನ ಗೋಡೆ ಪಕ್ಕ. ನೀನು ದಿನಾ ಬೆಳಿಗ್ಗೆ ಸ್ನಾನಕ್ಕೆ ಬಾ ಅಂತ ಸತೀಶನ್ನ ಬೈತೀಯಲ್ಲ."

"ಅಪ್ಪುರಂ... ಮತ್ತೆ ಯಾಕೆ ಕೇಳ್ಳಿಲ್ಲ ನೀನು?"

ಇಂಚರ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿದಳು. "ನಿಂಗೆ ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ಲ ಅಂದ್ಕೊಂಡೆ. ಅಮ್ಮಂಗೂ ಹೇಳ್ಲಿಲ್ಲ. ಅವ್ರಿಗೆ ಬೇಜಾರಾಗುತ್ತೆ ಅಂತ."

ಗೋಕಿಲಾ ಸುರುಳಿಯ ಗೆರೆಯ ಹೊರಗೇ ನಿಂತಳು. ಕೆಳಗಿನಿಂದ ಅಜ್ಜಿಯ ದನಿ ಟೆರೇಸಿನ ತನಕ ಬರುತ್ತಿತ್ತು. ಈಗ ಮಜ್ಜಿಗೆ ಕಡೆಯುವ ಪಾಠ ನಡೆದಿತ್ತು.

"ನಂಗೂ ಒಂದು ಚಾನ್ಸ್ ಕೊಡ್ತೀರಾ?" ಎಂದಳು ಕೊನೆಗೆ. ಮೊದಲು ಕನ್ನಡದಲ್ಲಿ ಕೇಳಿ, ತಮಿಳ್‌ಸೆಲ್ವಿಯ ಕಡೆ ತಿರುಗಿ ತಮಿಳಿನಲ್ಲೂ ಕೇಳಿದಳು.

ತಮಿಳ್‌ಸೆಲ್ವಿ ಮೊದಲು ಮುಖ ತಿರುಗಿಸಿದಳು. ಬೆಂಚಿನ ಗೆಳತಿಗೂ ಕೋಪ ಬರುತ್ತದಲ್ಲ. ಆಮೇಲೆ ಬೆನ್ನ ಹಿಂದಿನ ಬಿಲ್ಲೆಯನ್ನು ಎಲ್ಲರೆದುರಿಗೇ ಕಣ್ಣಿಗೊತ್ತಿಕೊಂಡು, ಗೋಕಿಲಾಳ ಕೈಗಿಟ್ಟಳು.

"ಇಲ್ಲಿ ರೂಲ್ಸ್ ಏನು?" ಎಂದು ಗೋಕಿಲಾ ಕೇಳಿದಳು.

"ಬೀಳಬಾರದು," ಎಂದ ಮೋಹನ್‌ರಾಜ್.

ಗೋಕಿಲಾ ಬಿಲ್ಲೆ ಎಸೆದಳು. ಬಲಗಾಲನ್ನು ಮಡಚಿದಳು. ಎಡಗಾಲಲ್ಲಿ ಒಮ್ಮೆ ಕುಪ್ಪಳಿಸಿದಳು. ಮೈ ಒಂದು ಕಡೆ ಹೋಯಿತು, ಕೈ ಇನ್ನೊಂದು ಕಡೆ ಹೋಯಿತು. ಇದನ್ನು ಇಂಚರ ಇಷ್ಟು ದಿನ ಎಷ್ಟು ಸುಲಭವಾಗಿ ಮಾಡುತ್ತಿದ್ದಳು! ಬಲಗಾಲಲ್ಲಿ ಕಲಿಯಲು ಟೆರೇಸಿನ ಮೇಲೆ ಎಷ್ಟು ಸಲ ಬಿದ್ದಳೋ! ಎರಡನೇ ಕುಪ್ಪಳಿಕೆಗೆ ಗೋಕಿಲಾ ಧೊಪ್ಪೆಂದು ಗೆರೆಯ ಮೇಲೇ ಕೂತಳು.

ಇಂಚರ ನಕ್ಕಳು. ಎಲ್ಲರೂ ನಕ್ಕರು. ಗೋಕಿಲಾ ಕಾದು ನೋಡಿದಳು. ಗಂಟಲು ಕಟ್ಟಲಿಲ್ಲ.

ಯಾರೂ ಔಟ್ ಎನ್ನಲಿಲ್ಲ.

"ಔಟು," ಎಂದು ಗೋಕಿಲಾ ತಾನೇ ಹೇಳಿಕೊಂಡು, ಲಂಗ ಕೊಡವಿಕೊಂಡು, ಸಾಲಿನ ಕೊನೆಯಲ್ಲಿ ಸತೀಶನ ಹಿಂದೆ ಹೋಗಿ ನಿಂತಳು. ಅಲ್ಲಿಂದ ಎಲ್ಲರ ಕಾಲುಗಳೂ ಕಾಣುತ್ತಿದ್ದವು. ತಮಿಳ್‌ಸೆಲ್ವಿ ತುದಿಗಾಲಲ್ಲಿ ಕುಂಟುತ್ತಿದ್ದಳು. ಮೋಹನ್‌ರಾಜ್ ಮತ್ತೆ ಚಪ್ಪಲಿ ಮೆಟ್ಟಿ, ಅಂಗಾಲು ಪೂರ್ತಿ ಊರಿ ಅದನ್ನು ಸವೆಸುತ್ತಿದ್ದ. ಸತೀಶನದು ಕುಂಟುವುದೋ ಓಡುವುದೋ ಹೇಳಲಾಗುತ್ತಿರಲಿಲ್ಲ. ಇಷ್ಟು ದಿನ ಇವರ ಜೊತೆಗೇ ಆಡಿದ್ದಳು, ಆದರೂ ಇದೊಂದನ್ನೂ ನೋಡಿರಲಿಲ್ಲ. ಅವಳು ನೋಡುತ್ತಿದ್ದದ್ದು ಗೆರೆಯನ್ನು ಮಾತ್ರ.

"ಅಕ್ಕಾ, ನಿನ್ನ ಚಾನ್ಸ್ ಬಂತು," ಎಂದ ಸತೀಶ.

ಗೋಕಿಲಾ ಬಿಲ್ಲೆಯನ್ನು ಬಾಯಿಯ ಹತ್ತಿರ ತಂದಳು. ಒಮ್ಮೆ ಇಂಚರಳ ಕಡೆ ನೋಡಿದಳು. ಆಮೇಲೆ "ಉಫ್" ಎಂದು ಊದಿದಳು.